ಅಪ್ಪನ ಬೆನ್ನ ಮೇಲಿನ ಕಪ್ಪೆ

ನಾನು ಚಿಕ್ಕವನಿದ್ದಾಗ ಮಾಡಿದ ದೊಡ್ಡ ತಪ್ಪುಗಳೆಲ್ಲ ಒಳ್ಳೆಯ ಬುದ್ಧಿ ಬಂದ ದಿನವೇ ಆದವು. ಕೆಟ್ಟ ಬುದ್ಧಿ ಇದ್ದ ದಿನ ನಾನು ಗೇರುಮರ ಹತ್ತಿ ಕೂತಿರುತ್ತಿದ್ದೆ, ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಮನೆಯವರಿಗೆ ಸಹಾಯ ಮಾಡಬೇಕು ಅನ್ನಿಸಿದ ದಿನ ಮಾತ್ರ ಏನಾದರೊಂದು ಎಡವಟ್ಟು ಗ್ಯಾರಂಟಿ. ಅಂಥ ಒಂದು ದಿನದ ಕಥೆ ಹೇಳುತ್ತೇನೆ ಕೇಳಿ, ಮಕ್ಕಳೇ. ಇದರಲ್ಲೊಂದು ಕಪ್ಪೆ ಬರುತ್ತದೆ. ಕುಪ್ಪಳಿಸುವ ಕಪ್ಪೆಯಲ್ಲ, ಬರೆದ ಕಪ್ಪೆ.

ಸಾಗರದಿಂದ ಕಾರ್ಗಲ್ ಕಡೆಗೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು, ಗದ್ದೆ ಬಯಲು ದಾಟಿದರೆ ನಮ್ಮೂರು. ನಮ್ಮದು ಭತ್ತ ಬೆಳೆಯುವ ಮನೆ. ದಸರಾ ಆದಮೇಲೆ ಬರುವ ಹುಣ್ಣಿಮೆ ನಮಗೆ ಭೂಮಿ ಹುಣ್ಣಿಮೆ. ಆಗ ಭತ್ತದ ಪೈರು ಹೊಡೆಯಲ್ಲಿ ಎಳೆ ತೆನೆ ತುಂಬಿಕೊಂಡು ನಿಂತಿರುತ್ತದೆ. ಬಸುರಿ ಹೆಂಗಸಿಗೆ ಬಯಕೆ ಊಟ ಹಾಕುವ ಹಾಗೆ ಅವತ್ತು ಭೂಮಿತಾಯಿಗೂ ಊಟ ಹಾಕಬೇಕು. ಕಡುಬು, ಸೊಪ್ಪಿನ ಅಂಬಲಿ, ಏಳೆಂಟು ತರದ ಪಲ್ಯ ಎಲ್ಲವನ್ನೂ ಒಂದು ಬಿದಿರಿನ ಬುಟ್ಟಿಯಲ್ಲಿಟ್ಟು, ಬೆಳಗಾಗುವ ಹೊತ್ತಿಗೆ ಗದ್ದೆಗೆ ಹೊತ್ತುಕೊಂಡು ಹೋಗುತ್ತಾರೆ.

ಆ ಬುಟ್ಟಿಯ ಚಂದ ನೋಡಬೇಕು ನೀವು. ಮೊದಲು ಸಗಣಿ ಬಳಿದು, ಅದರ ಮೇಲೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅರೆದ ಅಕ್ಕಿಯ ಬಿಳಿಯಲ್ಲಿ ಹೆಂಗಸರು ಚಿತ್ತಾರ ಬರೆಯುತ್ತಾರೆ. ಪುಂಡಿನಾರಿನ ಕುಂಚ, ಕೂದಲೆಳೆಯಷ್ಟು ಸಣ್ಣ ಗೆರೆ. ಎಲ್ಲ ನೆಟ್ಟಗಿನ ಗೆರೆಗಳೇ, ಸೊಟ್ಟ ಗೆರೆಗೆ ಅಲ್ಲಿ ಜಾಗವಿಲ್ಲ. ಭತ್ತದ ಸಸಿ, ಏಣಿ, ಹಕ್ಕಿ, ಹೊರೆ ಹೊತ್ತ ಮನುಷ್ಯ, ಎಲ್ಲರೂ ಬುಟ್ಟಿಯ ಸುತ್ತ ಸಾಲಾಗಿ ಬಲಗಡೆಗೆ ಹೊರಟಿರುತ್ತಾರೆ.

ನಮ್ಮ ಮನೆಯ ಬುಟ್ಟಿಯಲ್ಲಿ ಆ ಸಾಲಿನ ಕೊನೆಗೆ ಒಂದು ಕಪ್ಪೆ ಇರುತ್ತಿತ್ತು. ಊರಲ್ಲಿ ಬೇರೆ ಯಾರ ಮನೆಯ ಬುಟ್ಟಿಯಲ್ಲೂ ಕಪ್ಪೆ ಇರಲಿಲ್ಲ. ಇದಕ್ಕೆ ಅಜ್ಜಿಯ ಹತ್ತಿರ ಒಂದು ನ್ಯಾಯವಿತ್ತು. ಹಬ್ಬದ ದಿನ ಕಾಗೆಗೆ ಪಾಲಿಡುತ್ತೇವೆ, ಇಲಿಗೆ ಪಾಲಿಡುತ್ತೇವೆ. ಭತ್ತ ಕದಿಯುವ ಇಲಿಗೇ ಪಾಲು ಕೊಟ್ಟ ಮೇಲೆ, ಭತ್ತದ ಹುಳ ತಿಂದು ಉಪಕಾರ ಮಾಡುವ ಕಪ್ಪೆಗೆ ಏನೂ ಇಲ್ಲ ಅಂದರೆ ಹೇಗೆ? ಕಡುಬು ಅದು ತಿನ್ನುವುದಿಲ್ಲ. ಹಾಗಾಗಿ ಬುಟ್ಟಿಯ ಮೇಲಾದರೂ ಕೂತುಕೊಳ್ಳಲಿ. ಗುಡ್ಡದಾಚೆ ಅರಸರ ಕಾಲದ ಒಂದು ಕಲ್ಲುಕೊಳವಿತ್ತು. ಅದರ ಮೆಟ್ಟಿಲ ಪಕ್ಕದಲ್ಲಿ ಕೆತ್ತಿದ ಕಪ್ಪೆಯನ್ನು ನೋಡಿ ಅಜ್ಜಿಯ ಅಜ್ಜಿಯ ಅಜ್ಜಿ ಯಾರೋ ಒಬ್ಬಳು ಮೊದಲು ಬರೆದಳಂತೆ. ಅಲ್ಲಿಂದ ಕೈಯಿಂದ ಕೈಗೆ ಬಂದು ಅದು ನಮ್ಮ ಅಜ್ಜಿಯ ಕೈಗೆ ಬಂದಿತ್ತು. ಚಿತ್ತಾರದ ಉಳಿದ ಗೆರೆಗಳನ್ನೆಲ್ಲ ಅಕ್ಕನಿಗೆ ಕಲಿಸಿದ್ದ ಅಜ್ಜಿ, ಕಪ್ಪೆಯನ್ನು ಮಾತ್ರ ಕೊನೆಗೆ ತಾನೇ ಬರೆಯುತ್ತಿದ್ದಳು.

ಆ ವರ್ಷ ಹಬ್ಬಕ್ಕೆ ಎರಡು ವಾರ ಇರುವಾಗ ಅಜ್ಜಿ ಕರುವಿನ ಹಗ್ಗ ತೊಡರಿ ಬಿದ್ದು ಬಲಗೈ ಮುರಿದುಕೊಂಡಳು. ನಾಟಿ ವೈದ್ಯರು ಸೊಪ್ಪು ಅರೆದು ಹಚ್ಚಿ, ಬಿದಿರ ದಬ್ಬೆ ಕಟ್ಟಿ, ದೀಪಾವಳಿವರೆಗೆ ಬಿಚ್ಚಬಾರದು ಎಂದು ಹೇಳಿ ಹೋಗಿದ್ದರು. ಹೀಗಾಗಿ ಬುಟ್ಟಿಯ ಕೆಲಸ ಪೂರ್ತಿ ಅಕ್ಕನ ಮೇಲೆ ಬಿತ್ತು. ಅಕ್ಕನಿಗೆ ಆಗ ಹದಿನಾಲ್ಕು ವರ್ಷ. ಪಕ್ಕದ ಮನೆಯ ದೊಡ್ಡಮ್ಮ ದಿನಾ ಬೇಲಿಯಾಚೆಯಿಂದ ‘ಕೂಸಿನ ಕೈಲಿ ಆಗ್ದಿದ್ರೆ ಹೇಳ್ರೇ, ನಿಮ್ ಬುಟ್ಟಿನೂ ನಾನೇ ಬರ್ಕೊಡ್ತೀನಿ’ ಎಂದು ಕೂಗುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ಅಕ್ಕ ಹಲ್ಲು ಕಚ್ಚುತ್ತಿದ್ದಳು. ಕಪ್ಪೆಯ ಬಗ್ಗೆ ಅವಳಿಗೆ ಚಿಂತೆ ಇರಲಿಲ್ಲ. ಹೋದ ವರ್ಷದ ಬುಟ್ಟಿ ಅಟ್ಟದ ಮೇಲೆ ಹಾಗೇ ಇತ್ತು, ಅದನ್ನು ನೋಡಿ ಕಲಿತುಕೊಂಡರೆ ಆಯಿತು ಅಂದುಕೊಂಡಿದ್ದಳು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅಕ್ಕ ಅಕ್ಕಿ ಅರೆಯುತ್ತಿದ್ದಳು. ಅವ್ವ ನನ್ನನ್ನು ಕರೆದು ಅಟ್ಟದ ಬುಟ್ಟಿ ಇಳಿಸಿ ಧೂಳು ಕೊಡವಿಡು ಎಂದಳು. ಬುಟ್ಟಿ ಇಳಿಸಿದೆ. ಒಲೆಯ ಹೊಗೆ ಕುಡಿದು ಅದು ಕರ್ರಗೆ, ಜಿಡ್ಡುಜಿಡ್ಡಾಗಿತ್ತು. ಅಂಗಳದ ಮೂಲೆಯಲ್ಲಿ ಸಗಣಿ ಕಲಸಿಟ್ಟಿತ್ತು, ಪಕ್ಕದಲ್ಲೇ ನೆನೆಸಿದ ಕೆಮ್ಮಣ್ಣು. ಆಗ ನನಗೆ ಒಳ್ಳೆಯ ಬುದ್ಧಿ ಬಂತು.

ಮೊದಲು ತೆಂಗಿನ ನಾರಿನಿಂದ ಬುಟ್ಟಿಯನ್ನು ಗಸಗಸ ಉಜ್ಜಿ ತೊಳೆದೆ. ತಣ್ಣಗಿನ ಸಗಣಿ ಬಳಿದೆ, ಬಿಸಿಲಿಗಿಟ್ಟೆ. ಒಣಗಿದ ಮೇಲೆ ಕೆಮ್ಮಣ್ಣು ಬಳಿದೆ. ಹಸಿಮಣ್ಣಿನ ವಾಸನೆ ಅಂಗಳವೆಲ್ಲ ತುಂಬಿತು. ಮೊಣಕೈವರೆಗೆ ಕೆಂಪು ಮಾಡಿಕೊಂಡು, ಇನ್ನು ಬೆಲ್ಲದ ಚೂರು ಕೊಟ್ಟಾರು ಎಂದು ಕಾಯುತ್ತ ಕೂತೆ. ಅಕ್ಕ ಅರೆದ ಅಕ್ಕಿಯ ಬಟ್ಟಲು ಹಿಡಿದು ಹೊರಗೆ ಬಂದವಳು ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು.

‘ಎಂತ ಮಾಡ್ದ್ಯೋ ಮಾರಾಯ! ಕಪ್ಪೆ ಎಲ್ಲೈತೋ?’

ಆಗ ನನಗೆ ಹೊಳೆಯಿತು. ಅಕ್ಕ ಉಗುರಿನಿಂದ ಕೆರೆದು ನೋಡಿದಳು. ಕೆಮ್ಮಣ್ಣು ಬಂತು, ಸಗಣಿ ಬಂತು, ಕೊನೆಗೆ ಬಿದಿರು ಕಂಡಿತು. ಕಪ್ಪೆಯ ಒಂದು ಬೆರಳೂ ಉಳಿದಿರಲಿಲ್ಲ. ಅಷ್ಟು ಚೆನ್ನಾಗಿ ತೊಳೆದಿದ್ದೆ.

ಅಜ್ಜಿ ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಸುಮ್ಮನೆ ಬುಟ್ಟಿಯ ಮೇಲೆ ಎಡಗೈ ಆಡಿಸಿ, ‘ಹೋಗ್ಲಿ ಬಿಡು. ನಮ್ಮವ್ವನ ಕಪ್ಪೆ, ನನ್ ಕಾಲಕ್ಕೆ ಮುಗೀತು’ ಎಂದು ಹೇಳಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಮಧ್ಯಾಹ್ನ ಗಂಜಿ ಕುಡಿಯಲಿಲ್ಲ. ಅಷ್ಟು ಜನ ಅಜ್ಜಿಯರು ಜೋಪಾನ ಮಾಡಿದ್ದನ್ನು ನಾನೊಬ್ಬ ಒಂದು ಹಿಡಿ ತೆಂಗಿನ ನಾರಿನಲ್ಲಿ ಮುಗಿಸಿದ್ದೆನಲ್ಲ.

ಅಪ್ಪ ಗದ್ದೆಯಿಂದ ಬಂದು ವಿಷಯ ಕೇಳಿ, ಇಷ್ಟೇನಾ ಅಂದ. ಅಪ್ಪನಿಗೆ ಗೊತ್ತಿಲ್ಲದ ವಿಷಯ ಲೋಕದಲ್ಲಿ ಯಾವುದೂ ಇರಲಿಲ್ಲ. ‘ದಿನಾ ಗದ್ದೇಲಿ ನೂರು ಕಪ್ಪೆ ನೋಡ್ತೀನಿ, ಒಂದ್ ಕಪ್ಪೆ ಬರೆಯಾಕೆ ಬರಾದಿಲ್ವಾ?’ ಎನ್ನುತ್ತ ಇದ್ದಿಲು ಹಿಡಿದು ಒಗೆಯುವ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತ. ನಾಲಗೆ ಕಚ್ಚಿಕೊಂಡು ಬಹಳ ಹೊತ್ತು ಬರೆದ. ಗಣಪತಿ ಮಾಡು ಅಂದರೆ ಅವರಪ್ಪನ್ನ ಮಾಡಿದ ಅನ್ನುತ್ತಾರಲ್ಲ, ಹಾಗಾಯಿತು. ಅಜ್ಜಿಯನ್ನು ಎಬ್ಬಿಸಿ ತಂದು ತೋರಿಸಿದೆವು. ಅವಳು ಬಗ್ಗಿ ನೋಡಿ, ‘ಎತ್ತು ಚಲೋ ಬಂದೈತೆ, ಕೊಂಬು ಮರ್ತೀಯ’ ಎಂದು ಹೇಳಿ ಒಳಗೆ ಹೋದಳು.

ಆಮೇಲೆ ಅಕ್ಕನಿಗೆ ದೊಡ್ಡಮ್ಮನ ಮಗನ ನೆನಪಾಯಿತು. ಅವನು ಸಾಗರದ ಹೈಸ್ಕೂಲಿನಲ್ಲಿ ಓದುತ್ತಿದ್ದ. ಅವನ ವಿಜ್ಞಾನದ ಪುಸ್ತಕದಲ್ಲಿ ಇಡೀ ಪುಟದ ಒಂದು ಕಪ್ಪೆ ಇದೆಯೆಂದು ಅವಳು ಕೇಳಿದ್ದಳು. ನಾನು ಬೇಲಿ ಹಾರಿ ಹೋಗಿ, ದೊಡ್ಡಮ್ಮನ ಕಣ್ಣು ತಪ್ಪಿಸಿ ಪುಸ್ತಕ ತಂದೆ. ಪುಟ ತೆರೆದರೆ ನಿಜವಾಗಲೂ ಕಪ್ಪೆ ಇತ್ತು. ಆದರೆ ಅಂಗಾತ ಮಲಗಿಸಿ, ನಾಲ್ಕೂ ಕಾಲಿಗೆ ಸೂಜಿ ಚುಚ್ಚಿ, ಹೊಟ್ಟೆ ಬಿಚ್ಚಿಟ್ಟ ಕಪ್ಪೆ. ಒಳಗಿನ ಒಂದೊಂದಕ್ಕೂ ಬಾಣ ಹಾಕಿ ಹೆಸರು ಬರೆದಿದ್ದರು. ಅಜ್ಜಿ ಅದನ್ನು ನೋಡಿದವಳೇ ಎದೆ ಹಿಡಿದುಕೊಂಡಳು.

‘ಬಯಕೆ ಊಟದ ಬುಟ್ಟಿ ಮ್ಯಾಲೆ ಹೊಟ್ಟೆ ಸೀಳಿದ್ ಕಪ್ಪೆನಾ! ತಗಂಡು ಹೋಗಾ ಅದ್ನ, ಮೊದ್ಲು ತಗಂಡು ಹೋಗು!’

ಪುಸ್ತಕ ವಾಪಸ್ಸು ಇಡಲು ಹೋಗಿ ದೊಡ್ಡಮ್ಮನ ಕೈಗೆ ಸಿಕ್ಕಿಬಿದ್ದೆ. ಹಬ್ಬದ ಮುನ್ನಾದಿನ ಎರಡನೇ ಕ್ಲಾಸಿನ ಹುಡುಗನಿಗೆ ಹೈಸ್ಕೂಲಿನ ವಿಜ್ಞಾನ ಯಾಕೆ ಬೇಕಾಯಿತು ಎಂದು ಕಿವಿ ಹಿಂಡಿ ಕೇಳಿದಳು. ಅವಳು ಎಲ್ಲವನ್ನೂ ಬಾಯಿ ಬಿಡಿಸಿದಳು. ಇನ್ನು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಅಕ್ಕ ತಲೆ ಮೇಲೆ ಕೈ ಹೊತ್ತಳು.

ಉಳಿದದ್ದು ಒಂದೇ ದಾರಿ, ಕಲ್ಲುಕೊಳದ ಕಪ್ಪೆ. ‘ಮೆಟ್ಲು ಇಳಿಯಾಗ ಎಡಗಡೆ. ಮೊದ್ಲು ಮೀನು, ಆಮೇಲೆ ಹಾವು, ಆಮೇಲೆ ಕಪ್ಪೆ’ ಎಂದು ಅಜ್ಜಿ ಮಲಗಿದಲ್ಲಿಂದಲೇ ಗುರುತು ಹೇಳಿದಳು. ಅಪ್ಪ, ಅಕ್ಕ, ನಾನು ಮೂವರೂ ಹೊರಟೆವು. ಬಿಸಿಲು ಸುಡುತ್ತಿತ್ತು. ಗುಡ್ಡದ ಹುಲ್ಲಿಗೆ ಆಗಲೇ ಹಳದಿ ಹತ್ತಿತ್ತು, ಕಾಲಿಗೆ ಚುಚ್ಚುತ್ತಿತ್ತು. ಮುಂದೆ ಮುಂದೆ ದಾಪುಗಾಲು ಹಾಕುತ್ತಿದ್ದ ಅಪ್ಪ, ಕೊಳ ಹತ್ತಿರವಾದ ಹಾಗೆ ಯಾಕೋ ನಿಧಾನ ಮಾಡಿ ನಮ್ಮ ಹಿಂದಕ್ಕಾದ.

ಮೀನು ಸಿಕ್ಕಿತು. ನಿನ್ನೆ ಕೆತ್ತಿದ ಹಾಗೆ ಪೊರೆಪೊರೆಯೂ ಇತ್ತು. ಹಾವು ಸಿಕ್ಕಿತು, ಹೆಡೆ ಎತ್ತಿಕೊಂಡೇ ಇತ್ತು. ಅದರ ಪಕ್ಕದ ಕಲ್ಲು ಮಾತ್ರ ಬೇರೆ ಬಣ್ಣದ್ದು. ಸಣ್ಣ ಮರಳಿನಂಥ ಆ ಕಲ್ಲು ಕಡೆದ ಬೆಣ್ಣೆಯ ಹಾಗೆ ನುಣ್ಣಗೆ ಸವೆದು ತಗ್ಗಾಗಿ ಹೋಗಿತ್ತು. ಕೆಳಗಿನ ಮೂಲೆಯಲ್ಲಿ ಮಡಚಿದ ಒಂದು ಹಿಂಗಾಲು ಮಾತ್ರ ಕಾಣುತ್ತಿತ್ತು. ತಲೆ ಇಲ್ಲ, ಬೆನ್ನಿಲ್ಲ, ಕಣ್ಣಿಲ್ಲ.

ಅಕ್ಕ ತಿರುಗಿ ಅಪ್ಪನನ್ನು ನೋಡಿದಳು. ಅಪ್ಪ ಆಕಾಶ ನೋಡುತ್ತಿದ್ದ.

‘ಈ ಕಲ್ಲು ಕತ್ತಿ ಮಸೆಯಾಕೆ ಬಾಳ ಚಲೋ ಐತೆ ಮಗಾ’ ಎಂದ, ಮೆಲ್ಲಗೆ. ‘ನಾನೊಬ್ನೇ ಅಲ್ಲ. ನಮ್ಮಪ್ಪನೂ ಮಸೆದಾನೆ. ಗುಡ್ಡಕ್ಕೆ ಸೊಪ್ಪಿಗೆ ಬರೋರು ಎಲ್ರೂ ಇಲ್ಲೇ ಮಸೆಯಾದು.’

ಅರಸರ ಕಾಲದ ಶಿಲ್ಪಿ ಎಷ್ಟು ದಿನ ಕೂತು ಕೆತ್ತಿದ್ದನೋ. ನಮ್ಮೂರಿನ ಗಂಡಸರು ತಲೆತಲಾಂತರದಿಂದ ಅದರ ಮುಖದ ಮೇಲೆ ಕತ್ತಿ ಮಸೆದು ಮಸೆದು ಕಪ್ಪೆಯನ್ನೇ ಕರಗಿಸಿದ್ದರು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ಬೆಳಗಿನಿಂದ ಇಡೀ ಮನೆಯಲ್ಲಿ ನಾನೊಬ್ಬನೇ ಅಪರಾಧಿಯಾಗಿದ್ದೆ, ಈಗ ನನಗಿಂತ ದೊಡ್ಡ ಅಪರಾಧಿ ಜೊತೆಗಿದ್ದ.

ಮನೆಗೆ ಬಂದು ಅಕ್ಕ ವರದಿ ಒಪ್ಪಿಸಿದಳು. ಅಜ್ಜಿ ಎದ್ದು ಕೂತು ಕೇಳಿದಳು. ಅಪ್ಪ ಕಂಬದ ಮರೆಯಲ್ಲಿ ನಿಂತಿದ್ದ. ಕೇಳುತ್ತ ಕೇಳುತ್ತ ಅಜ್ಜಿಯ ಹೊಟ್ಟೆ ಕುಲುಕತೊಡಗಿತು. ಆಮೇಲೆ ನಗು ಬಾಯಿಗೆ ಬಂತು, ಕಣ್ಣಲ್ಲಿ ನೀರು ಬಂತು. ‘ಪಾಪ, ಈ ಕೂಸು ಒಂದ್ ಬುಟ್ಟಿ ತೊಳೀತು ಅಂತ ಬೆಳಿಗ್ಗೆಯಿಂದ ಮುಖ ಸಣ್ಣ ಮಾಡ್ಕಂಡೈತೆ. ನೀವು ಕಲ್ಲನ್ನೇ ತಿಂದ್ರಲ್ರೋ!’ ಎಂದಳು. ಅವಳು ನಕ್ಕಿದ್ದು ನೋಡಿ ನನಗೆ ಹೋದ ಜೀವ ಬಂದಂತಾಯಿತು.

ಆ ನಗು ನೋಡಿ ಅಕ್ಕನಿಗೂ ಧೈರ್ಯ ಬಂತು. ‘ಅಜ್ಜಿ, ಎಡಗೈಲಿ ಬರ್ದು ತೋರ್ಸು’ ಅಂದಳು. ಅಜ್ಜಿ ಸುತರಾಂ ಒಪ್ಪಲಿಲ್ಲ. ಭೂಮಿತಾಯಿಯ ಬುಟ್ಟಿಗೆ ಎಡಗೈ ತಾಗಿಸುವುದುಂಟೇ? ಬುಟ್ಟಿ ಬೇಡ, ನೆಲದ ಮೇಲೆ ಬರೆ ಅಂದರೆ ಹಬ್ಬಕ್ಕೆ ಸಾರಿಸಿದ ನೆಲ, ಆಗದು. ಗೋಡೆಯೂ ಹೊಸದಾಗಿ ಬಳಿದದ್ದು. ನನ್ನ ಸ್ಲೇಟು ತಂದು ಕೊಟ್ಟೆ, ಅದು ಸರಸ್ವತಿ. ಒಗೆಯುವ ಕಲ್ಲಿನ ಮೇಲೆ ಅಪ್ಪನ ಎತ್ತು ಮಲಗಿತ್ತು. ಅಜ್ಜಿ ಸುತ್ತಲೂ ಕಣ್ಣಾಡಿಸಿದಳು. ಅವಳ ಕಣ್ಣು ಕಂಬದ ಮರೆಗೆ ಹೋಗಿ ನಿಂತಿತು. ಸೆಖೆಗೆ ಅಪ್ಪ ಅಂಗಿ ಬಿಚ್ಚಿ ನಿಂತಿದ್ದ. ಅವನ ಬೆನ್ನು ಭತ್ತದ ಚೀಲದಷ್ಟು ಅಗಲ.

‘ಬಾ ಇಲ್ಲಿ. ಕೂತ್ಕ’ ಎಂದಳು.

‘ಅವ್ವಾ, ಎಂತ ಇದು, ಮಕ್ಕಳ ಎದ್ರಿಗೆ...’

‘ನಾನೇ ಹೆತ್ತ ಬೆನ್ನು. ಇದ್ಕೆ ಎಂತ ಮಡಿ? ಕೂತ್ಕ ಅಂದೆ!’

ಅಪ್ಪ ಕೂತ. ಅಜ್ಜಿ ಪುಂಡಿನಾರಿನ ಕುಂಚವನ್ನು ಬಿಳಿಯಲ್ಲಿ ಅದ್ದಿ, ಕಣ್ಣು ಮುಚ್ಚಿಕೊಂಡಳು. ಕಣ್ಣು ಬಿಟ್ಟರೆ ಕೈಗೆ ಮರೆಯುತ್ತದಂತೆ. ಎಡಗೈ ಮೊದಲು ಅತ್ತಿತ್ತ ತಡಕಾಡಿತು, ಆಮೇಲೆ ತಾನೇ ದಾರಿ ಹುಡುಕಿಕೊಂಡು ಹೊರಟಿತು. ತಣ್ಣನೆಯ ಕುಂಚ ಬೆನ್ನಿಗೆ ತಾಗಿದ್ದೇ ಅಪ್ಪ ‘ಹೀಹೀ’ ಎಂದು ಸೊಂಟ ತಿರುಗಿಸಿದ. ಊರಿಗೆಲ್ಲ ಜೋರಿನ ಮನುಷ್ಯ ಅನ್ನಿಸಿಕೊಂಡ ಅಪ್ಪನಿಗೆ ಕಚಗುಳಿ ಅಷ್ಟೊಂದು ಇದೆಯೆಂದು ನನಗೆ ಗೊತ್ತಾದದ್ದು ಅವತ್ತೇ. ‘ಅಲ್ಲಾಡ್ಬೇಡ, ಕಾಲು ಸೊಟ್ಟ ಆತದೆ’ ಎಂದು ಅಜ್ಜಿ ಗದರಿದಳು. ನನಗೆ ಒಂದು ಟವೆಲ್ಲು ಕೊಟ್ಟು ನೊಣ ಓಡಿಸುವ ಕೆಲಸ ಕೊಟ್ಟರು. ಒಂದು ನೊಣ ನೇರ ಕಪ್ಪೆಯ ಬಾಯಿಯ ಮುಂದೆಯೇ ಬಂದು ಕೂತಿತು. ಅಕ್ಕ ಬಿದ್ದು ಬಿದ್ದು ನಕ್ಕಳು. ಅಪ್ಪನಿಗೆ ಏನಾಯಿತೆಂದು ಗೊತ್ತಾಗದೆ, ತಿರುಗಿ ನೋಡಲೂ ಆಗದೆ ಒದ್ದಾಡಿದ.

ಕೊನೆಗೂ ಕಪ್ಪೆ ಬಂತು. ಹಾರುವುದಕ್ಕೆ ಸಿದ್ಧವಾಗಿ ಕೂತ, ಏಣಿಯಂಥ ಬೆನ್ನಿನ, ಮೂರು ಮಡಿಕೆಯ ಹಿಂಗಾಲಿನ ಕಪ್ಪೆ. ಸ್ವಲ್ಪ ನಡುಗಿತ್ತು, ಆದರೆ ಅಜ್ಜಿಯದೇ. ಅಕ್ಕ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪನ ಬೆನ್ನ ಹಿಂದೆ ಕೂತು, ಒಂದೊಂದೇ ಗೆರೆ ನೋಡಿ ಬರೆದುಕೊಂಡಳು. ಅಷ್ಟರಲ್ಲಿ ದೊಡ್ಡಮ್ಮ ಒಂದು ಬಟ್ಟಲು ಹಿಡಿದು ಉಪ್ಪು ಕೇಳುವ ನೆಪದಲ್ಲಿ ಬಂದಳು. ಅಪ್ಪನಿಗೆ ಏಳುವ ಹಾಗಿಲ್ಲ, ಓಡುವ ಹಾಗಿಲ್ಲ. ‘ಬಾ ಅಕ್ಕಾ’ ಎಂದು ಹಲ್ಲು ಕಿರಿದ. ದೊಡ್ಡಮ್ಮ ಉಪ್ಪು ತೆಗೆದುಕೊಳ್ಳದೆಯೇ ಓಡಿ ಹೋದಳು, ಊರಿಗೆ ಹೇಳುವುದಿತ್ತಲ್ಲ.

ಬುಟ್ಟಿಯ ಉಳಿದ ಸಾಲನ್ನು ಅಕ್ಕ ರಾತ್ರಿ ದೀಪದ ಬೆಳಕಿನಲ್ಲಿ ಬರೆದು ಮುಗಿಸಿದಳು. ಮರುದಿನ ನಸುಕಿನಲ್ಲಿ ಬುಟ್ಟಿಗಳು ಗದ್ದೆಗೆ ಹೊರಟವು. ಭತ್ತದ ಹಾಲಿನ ವಾಸನೆ, ಕಾಲಿಗೆ ಇಬ್ಬನಿ, ಕಡುಬಿನ ಬಿಸಿ ಹಬೆ. ಅಪ್ಪ ಮೈಮೇಲೊಂದು ಶಾಲು ಹೊದ್ದು ಬುಟ್ಟಿ ಹೊತ್ತಿದ್ದ. ಪೂಜೆಗೆಂದು ಬುಟ್ಟಿ ಇಳಿಸಿ, ಶಾಲು ತೆಗೆದು ಬದುವಿನ ಮೇಲಿಟ್ಟು ಅಡ್ಡಬಿದ್ದ. ಹಿಂದೆ ನಿಂತವರೆಲ್ಲ ಒಮ್ಮೆಲೇ ಗೊಳ್ಳೆಂದರು. ಬೆಳಗಿನ ಚಳಿಗೆ ಅಪ್ಪ ಎರಡೇ ಚೊಂಬು ನೀರು ಸುರಿದುಕೊಂಡಿದ್ದ, ಅದೂ ಎದೆಗೆ. ಬೆನ್ನ ಮೇಲೆ ಕಪ್ಪೆ ಹಾಗೇ ಒಣಗಿ, ಹೊಳೆಯುತ್ತ ಕೂತಿತ್ತು.

ನಗು ತಣ್ಣಗಾದ ಮೇಲೆ ದೊಡ್ಡಮ್ಮ ನಮ್ಮ ಬುಟ್ಟಿಯ ಹತ್ತಿರ ಬಗ್ಗಿದಳು.

‘ಗೆರೆ ಬಾಳ ಚಂದ ಎಳ್ದೀಯ ಕೂಸೇ. ಆದ್ರೆ ನಿಮ್ ಕಪ್ಪೆ ಎಂತಕ್ಕೆ ತಿರುಗಿ ಕೂತೈತೆ? ಎಲ್ರೂ ಗದ್ದೆಗೆ ಹೊಂಟಾರೆ, ಇದೊಂದು ಮನೆಗೆ ಹೊಂಟೈತೆ!’

ಎಲ್ಲರೂ ನೋಡಿದೆವು. ನಿಜ. ಸಸಿ, ಹಕ್ಕಿ, ಹೊರೆಯ ಮನುಷ್ಯ ಎಲ್ಲ ಬಲಗಡೆಗೆ, ಕಪ್ಪೆ ಮಾತ್ರ ಎಡಗಡೆಗೆ. ಬಲಗೈಗೆ ಗೊತ್ತಿದ್ದ ಕಪ್ಪೆಯನ್ನು ಎಡಗೈ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆದಿತ್ತು. ಅಪ್ಪನ ಬೆನ್ನ ಮೇಲೆ ಅದು ಯಾರಿಗೂ ತಿಳಿದಿರಲಿಲ್ಲ. ಅಕ್ಕ ಇನ್ನೇನು ಅತ್ತೇಬಿಡುತ್ತಾಳೆ ಅನ್ನಿಸಿತು. ಅಜ್ಜಿ ಬುಟ್ಟಿಯನ್ನು ಒಂದು ಗಳಿಗೆ ನೋಡಿ, ಗಟ್ಟಿಯಾಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

‘ಮನೆಗಲ್ಲ ಹೊಂಟಿದ್ದು. ಹಿಂದ್ ಬರೋ ಮಕ್ಳು ಬಂದ್ರಾ ಇಲ್ವಾ ಅಂತ ತಿರುಗಿ ನೋಡ್ತೈತೆ. ನಿಂಗೆ ಅಷ್ಟೂ ತಿಳಿಯಾದಿಲ್ವಾ?’

ದೊಡ್ಡಮ್ಮ ಮೆಲ್ಲಗೆ ತನ್ನ ಬುಟ್ಟಿಯ ಕಡೆ ಸರಿದಳು. ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. ದೀಪಾವಳಿಗೆ ಅಜ್ಜಿಯ ಕಟ್ಟು ಬಿಚ್ಚಿದರು, ಕೈ ನೆಟ್ಟಗಾಯಿತು. ಆದರೂ ಮಾರನೆಯ ವರ್ಷ ಅವಳು ಕುಂಚ ಮುಟ್ಟಲಿಲ್ಲ, ಇನ್ನು ಮುಂದೆ ತಿರುಗಿ ನೋಡುವ ನಿನ್ನ ಕಪ್ಪೆಯೇ ಇರಲಿ ಎಂದು ಅಕ್ಕನಿಗೆ ಬಿಟ್ಟುಕೊಟ್ಟಳು. ನನ್ನನ್ನು ಮಾತ್ರ ಬಿಡಲಿಲ್ಲ. ಅಳಿಸಿದವನು ಬರೆಯಲೂ ಕಲಿಯಬೇಕು ಎಂದು ತೀರ್ಪು ಕೊಟ್ಟು, ಹಿತ್ತಲ ಕಲ್ಲಿನ ಮೇಲೆ ದಿನಕ್ಕೆ ಹತ್ತರಂತೆ ಅದೇ ಕಪ್ಪೆ ಬರೆಸಿದಳು. ಚಿತ್ತಾರ ಹೆಂಗಸರ ಕೆಲಸ. ಊರಿನ ಹುಡುಗರು ನನ್ನನ್ನು ನೋಡಿದಾಗಲೆಲ್ಲ ‘ವಟರ್ ವಟರ್’ ಎಂದು ಕೂಗುತ್ತಿದ್ದರು. ಅಪ್ಪನನ್ನು ಕಂಡರೂ ಕೂಗುತ್ತಿದ್ದರು, ಆದರೆ ಅವನು ಗದ್ದೆ ದಾಟಿ ಹೋದ ಮೇಲೆ.

ಈಗ ನೀವೆಲ್ಲ ತೀರ್ಥಹಳ್ಳಿಯಲ್ಲಿದ್ದೀರಿ. ನಿಮ್ಮ ಫೋನಿನಲ್ಲಿ ಹಸಿರು ಕಪ್ಪೆ ಕಣ್ಣು ಹೊಡೆಯುತ್ತದೆ, ಗುಡ್ ಮಾರ್ನಿಂಗ್ ಹೇಳುತ್ತದೆ. ಬುಟ್ಟಿಯ ಚಿತ್ತಾರವನ್ನು ನೀವು ಒಂದು ಚಿಟಿಕೆಯಲ್ಲಿ ಫೋಟೊ ಹೊಡೆದು, ‘ಅಜ್ಜಾ, ಇನ್ನು ನೀನು ಎಷ್ಟು ಬೇಕಾದ್ರೂ ತೊಳಿ’ ಎಂದು ನಗುತ್ತೀರಿ. ಸರಿಯೇ. ಅಂಥದೊಂದು ಫೋನು ಅವತ್ತು ನಮ್ಮ ಮನೆಯಲ್ಲಿದ್ದರೆ ಅಪ್ಪನ ಮರ್ಯಾದೆ ಉಳಿಯುತ್ತಿತ್ತು. ನಮ್ಮ ಕಾಲವೇ ಚಂದ ಎಂದು ನಾನು ಹೇಳುವುದಿಲ್ಲ. ನಮ್ಮ ಕಾಲದಲ್ಲಿ ಎಡಗೈಯಲ್ಲಿ ಪೆನ್ನು ಹಿಡಿದ ಮಕ್ಕಳ ಬೆರಳ ಗಂಟಿಗೆ ಏಟು ಬೀಳುತ್ತಿತ್ತು. ನಮ್ಮ ಕಿರಿ ಮೊಮ್ಮಗಳು ಬರೆಯುವುದು, ಬ್ಯಾಡ್ಮಿಂಟನ್ ಆಡುವುದು ಎಲ್ಲ ಎಡಗೈಯಲ್ಲೇ. ಅವಳಿಗೆ ಯಾರೂ ಏನೂ ಅನ್ನುವುದಿಲ್ಲ.

ಅಕ್ಕ ತೀರಿಹೋದ ಮೇಲೆ ಬುಟ್ಟಿಯ ಕಪ್ಪೆ ನನ್ನ ಪಾಲಿಗೆ ಬಂದಿತ್ತು. ಈ ವರ್ಷ ನನ್ನ ಬಲಗೈ ನಡುಗತೊಡಗಿತು. ಅದನ್ನು ನೋಡಿ ಆ ಕಿರಿ ಮೊಮ್ಮಗಳೇ ಪಕ್ಕಕ್ಕೆ ಬಂದು ಕೂತು ಕುಂಚ ಕೇಳಿದಳು. ಫೋಟೊ ನೋಡಬೇಡ, ಕೈ ಹೇಗೆ ಹೋಗುತ್ತದೆ ಅದನ್ನು ನೋಡು ಎಂದೆ. ಗಾಳಿಯಲ್ಲಿ ಎರಡು ಸಲ ಬಲಗೈ ಆಡಿಸಿ ತೋರಿಸಿದೆ. ಅವಳು ತನ್ನ ಎಡಗೈಯನ್ನು ಹಾಗೇ ಆಡಿಸಿಕೊಂಡು, ಕಣ್ಣು ಮುಚ್ಚಿ, ಬುಟ್ಟಿಯ ಮೇಲೆ ಬರೆದೇಬಿಟ್ಟಳು. ಕಣ್ಣು ತೆರೆದು ನೋಡಿ ಪೆಚ್ಚಾದಳು.

‘ಅಯ್ಯೋ ಅಜ್ಜಾ, ಇದು ಆ ಕಡೆ ತಿರುಗಿಬಿಡ್ತು. ಎಲ್ರ ಜೊತೆ ಬಲಗಡೆಗೆ ಹೋಗ್ತಾ ಇದೆ!’

ಕನ್ನಡಕ ಒರೆಸಿಕೊಂಡು ನೋಡಿದೆ. ನಾನು ತೆಂಗಿನ ನಾರಿನಲ್ಲಿ ಉಜ್ಜಿ ತೊಳೆದಿದ್ದ ಕಪ್ಪೆ ಅದು. ಅಜ್ಜಿಯ ಬಲಗೈಯದು, ಅವಳ ಅವ್ವನದು.

‘ಅಳಿಸಿ ಬರೀಲಾ?’ ಎಂದು ಅವಳು ಒದ್ದೆ ಬಟ್ಟೆ ಎತ್ತಿಕೊಂಡಳು.

‘ಅಳಿಸ್ಬೇಡ!’ ಎಂದು ನಾನು ಕೂಗಿದ ಜೋರಿಗೆ ಅಡುಗೆಮನೆಯಲ್ಲಿದ್ದವರೆಲ್ಲ ಸೌಟು ಹಿಡಿದುಕೊಂಡೇ ಓಡಿ ಬಂದರು.